ಬಿದಿರು ಬುಟ್ಟಿಯ ತೂಕ ಎಂಟು ಕಿಲೊ

ಆನ್‌ಲೈನ್ ಅಂಗಡಿ ತೆರೆಯುತ್ತೇನೆ ಎಂದು ಯಾರ ಮುಂದೆ ಬಾಯಿ ಬಿಟ್ಟರೂ ಸಿಗುವ ಉಪದೇಶ ಒಂದೇ: ಮೊದಲು ಲಾಭದ ಮಾರುಕಟ್ಟೆ ಹುಡುಕು. ಬೇಡಿಕೆ ಜಾಸ್ತಿ ಇರಲಿ, ಪೈಪೋಟಿ ಕಡಿಮೆ ಇರಲಿ, ಮಾರ್ಜಿನ್ ದೊಡ್ಡದಿರಲಿ. ಯೂಟ್ಯೂಬಿನ ವ್ಯಾಪಾರ ಗುರುಗಳು ಇದನ್ನು ಮಂತ್ರದ ಹಾಗೆ ಹೇಳಿಕೊಡುತ್ತಾರೆ. ಅಂಥ ಜಾಗ ಗೊತ್ತಿದ್ದವರು ಪಾಠ ಮಾಡುತ್ತ ಯಾಕೆ ಕೂತರು, ಅಲ್ಲೇ ಅಂಗಡಿ ಹಾಕಬಹುದಿತ್ತಲ್ಲ ಎಂದು ನನಗೆ ಅನ್ನಿಸುತ್ತದೆ, ಅದಿರಲಿ.

ಈ ಉಪದೇಶ ಲಾಭವನ್ನು ಮಾರುಕಟ್ಟೆಯ ಗುಣ ಎಂದುಕೊಂಡಿದೆ. ಎಡವಿದ್ದು ಅಲ್ಲೇ.

ಸಾಕುಪ್ರಾಣಿಗಳ ತಿಂಡಿ ಮಾರುತ್ತಿದ್ದ ಅಮೆರಿಕದ ಪೆಟ್ಸ್ ಡಾಟ್ ಕಾಮ್ 2000ದ ಫೆಬ್ರವರಿಯಲ್ಲಿ ಷೇರುಪೇಟೆಗೆ ಬಂತು, ಅದೇ ವರ್ಷದ ನವೆಂಬರಿನಲ್ಲಿ ಬಾಗಿಲು ಹಾಕಿತು. ನಾಯಿ, ಬೆಕ್ಕು ಸಾಕುವವರಿಗೆ ಅಲ್ಲಿ ಆಗಲೂ ಬರವಿರಲಿಲ್ಲ. ಭಾರದ ತಿಂಡಿ ಮೂಟೆಯನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಿ ಸಾಗಣೆ ಖರ್ಚನ್ನೂ ಮೈಮೇಲೆ ಹಾಕಿಕೊಂಡರೆ ಎಷ್ಟು ಗಿರಾಕಿ ಬಂದರೆ ಅಷ್ಟು ನಷ್ಟ. 2011ರಲ್ಲಿ ಚೂಯಿ ಎಂಬ ಕಂಪನಿ ಅದೇ ಮೂಟೆ ಹಿಡಿದು ಅದೇ ಗಿರಾಕಿಯ ಮನೆಗೆ ಹೋಯಿತು. ಮತ್ತೆ ಮತ್ತೆ ಆರ್ಡರ್ ಮಾಡುವ ತಾಪತ್ರಯವಿಲ್ಲದೆ ಸರಕು ನಿಗದಿತ ದಿನ ತಾನಾಗಿ ಬರುವ ಏರ್ಪಾಡು ಮಾಡಿತು, ಬೆಳೆಯಿತು. ಅದಕ್ಕೂ ಇಡೀ ವರ್ಷದ ಲಾಭ ಮೊದಲು ಕಂಡದ್ದು 2022ರ ಲೆಕ್ಕದಲ್ಲಿ. ಮಾರುಕಟ್ಟೆ ಒಂದೇ, ಹಣೆಬರಹ ಎರಡು.

ನಮ್ಮ ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಪುಸ್ತಕದಿಂದ ಶುರು ಮಾಡಿತು. ಪುಸ್ತಕದಲ್ಲಿ ಉಳಿಯುವ ಕಾಸು ಅಷ್ಟಕ್ಕಷ್ಟೇ. ಆದರೆ ಅದು ಒಡೆಯುವುದಿಲ್ಲ, ಹಳಸುವುದಿಲ್ಲ, ‘ಸೈಜ್ ಆಗಲಿಲ್ಲ’ ಎಂದು ವಾಪಸ್ ಬರುವುದಿಲ್ಲ.

ಈಗ ಒಂದು ಬಿದಿರು ಬುಟ್ಟಿ ತೆಗೆದುಕೊಳ್ಳಿ. ಕೈಕೆಲಸ, ಪರಿಸರಸ್ನೇಹಿ, ಪಟ್ಟಣದವರಿಗೆ ಇಷ್ಟ. ಗುರುಗಳ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಅದನ್ನು 40 ಸೆಂ.ಮೀ. ಉದ್ದ, 40 ಅಗಲ, 25 ಎತ್ತರದ ಡಬ್ಬಿಯಲ್ಲಿ ಕೂರಿಸಿ. ಕೊರಿಯರ್‌ನವರು ಸಾಮಾನ್ಯವಾಗಿ ಮೂರನ್ನೂ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬರುವ ಉತ್ತರ ಎಂಟು. ತಕ್ಕಡಿಯಲ್ಲಿ ಒಂದು ಕಿಲೊ ತೂಗದ ಬುಟ್ಟಿಗೆ ಎಂಟು ಕಿಲೊ ಬಾಡಿಗೆ! ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿಗೆ ಈ ಶಿಕ್ಷೆಯಿಲ್ಲ. ಅಂಗೈಯಗಲದ ಪೊಟ್ಟಣದಲ್ಲಿ ಹೋಗುತ್ತದೆ, ಬಿದ್ದರೂ ಸುಲಭಕ್ಕೆ ಒಡೆಯದು. ಎರಡೂ ಅದೇ ‘ಕರಕುಶಲ ಮಾರುಕಟ್ಟೆ’ಯ ವಸ್ತುಗಳು.

ಇನ್ನು ಆರ್‌ಟಿಒ. ಆನ್‌ಲೈನ್ ವ್ಯಾಪಾರಿಯ ಬಾಯಲ್ಲಿ ಇದು ಲೈಸೆನ್ಸ್ ಕೊಡುವ ಕಚೇರಿಯಲ್ಲ, ಗಿರಾಕಿಯ ಕೈಸೇರದೆ ಹೊರಟಲ್ಲಿಗೇ ತಿರುಗಿ ಬಂದ ಪಾರ್ಸೆಲ್. ಕ್ಯಾಶ್ ಆನ್ ಡೆಲಿವರಿ ಇಟ್ಟವರಿಗೆ ಇದರ ಪರಿಚಯ ಬೇಗ ಆಗುತ್ತದೆ. ಹೋದ ಬಾಡಿಗೆ, ಬಂದ ಬಾಡಿಗೆ ಎರಡೂ ನಮ್ಮವೇ. ಕೈಸೇರಿದ ಮೇಲೆ ವಾಪಸ್ ಬರುವ ಸರಕಿನ ಕಥೆಯೂ ಬೇರೆಯಲ್ಲ. ರೆಡಿಮೇಡ್ ಚೂಡಿದಾರದ ಕಾಗದದ ಮೇಲಿನ ಮಾರ್ಜಿನ್ ಎಷ್ಟೇ ದೊಡ್ಡದಿರಲಿ, ಸೊಂಟದ ಅಳತೆ ತಪ್ಪಿದ ನಾಲ್ಕು ಪಾರ್ಸೆಲ್ ಅದನ್ನು ತಿಂದು ಮುಗಿಸಬಹುದು. ಇಳಕಲ್ ಸೀರೆಗೆ ಸೈಜಿನ ಗೋಳಿಲ್ಲ. ಅಲ್ಲಿ ಗಿರಾಕಿ ಕೇಳುವುದು ಬೇರೆ: ಸೆರಗು ಅಪ್ಪಟ ರೇಷ್ಮೆಯೋ, ಆರ್ಟ್ ಸಿಲ್ಕೋ? ಬ್ಯಾಡಗಿ ಮೆಣಸಿನಕಾಯಿ ಕೊಳ್ಳುವವಳು ಕಡ್ಡಿಯೋ ಡಬ್ಬಿಯೋ, ಬಣ್ಣ ಎಷ್ಟು ಬಿಡುತ್ತದೆ, ಖಾರ ಎಷ್ಟು ಎನ್ನುತ್ತಾಳೆ. ಥಟ್ಟನೆ ಉತ್ತರ ಕೊಡಬಲ್ಲವರಿಗೆ ಪೈಪೋಟಿಯ ಭಯ ಅರ್ಧ ಕಡಿಮೆ. ಟ್ರೆಂಡ್ ತೋರಿಸುವ ಯಾವ ಗ್ರಾಫೂ ಈ ಉತ್ತರ ಕೊಡುವುದಿಲ್ಲ. ಮನೆಯಲ್ಲೇ ನೇಕಾರಿಕೆ ಕಂಡವರು ಮೊಬೈಲ್ ಕವರ್ ಮಾರಲು ಹೊರಟಾಗ, ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದವರ ನೆನಪಾಗುತ್ತದೆ.

ಬೇಡಿಕೆಯನ್ನೇ ನೋಡಬೇಡಿ ಎನ್ನುತ್ತಿಲ್ಲ. ಯಾರಿಗೂ ಬೇಡದ್ದನ್ನು ಎಷ್ಟು ಚೆನ್ನಾಗಿ ಪ್ಯಾಕ್ ಮಾಡಿದರೂ ಅಷ್ಟೇ. ಆದರೆ ‘ಮಾರುಕಟ್ಟೆ ದೊಡ್ಡದಿರಲಿ’ ಎಂದು ಮೊದಲ ದಿನವೇ ಇಡೀ ದೇಶಕ್ಕೆ ಮಾರಲು ಹೊರಡುವುದು ಆತುರ. ದೊಡ್ಡ ಜಾಲತಾಣಗಳ ಮೂಲಕ ಹೊರರಾಜ್ಯಕ್ಕೆ ತೆರಿಗೆ ಬೀಳುವ ಸರಕು ಮಾರಲು ವಹಿವಾಟು ಎಷ್ಟೇ ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ರಾಜ್ಯದೊಳಗೇ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ಆ ಕಡ್ಡಾಯ ಸಡಿಲಾಗಿದೆ.

ಅಂಗಡಿಗೆ ಹೆಸರಿಡುವ ಮೊದಲು ನಿಮ್ಮ ವಸ್ತುವನ್ನು ಒಂದು ರಟ್ಟಿನ ಡಬ್ಬಿಗೆ ಹಾಕಿ, ಟೇಪು ಹಿಡಿದು ಮೂರೂ ಕಡೆ ಅಳೆಯಿರಿ. ಗುಣಿಸಿ, 5000ದಿಂದ ಭಾಗಿಸಿ.