ಮನುಷ್ಯನಿಲ್ಲದ ನೆಲ

ಗಣೇಶ್ ಹಾಲೋಯಿ ಅವರ ಚಿತ್ರಗಳೆದುರು ನಿಂತರೆ ನಮ್ಮಂಥವರಿಗೆ ಮೊದಲು ಏಳುವ ಪ್ರಶ್ನೆ: ಇದರಲ್ಲಿ ಮನುಷ್ಯ ಎಲ್ಲಿ? ಕೇಳಲೇಬೇಕಾದ ಪ್ರಶ್ನೆ. ಆದರೆ ಉತ್ತರಕ್ಕೆ ಅವರ ಬದುಕನ್ನೂ ನೋಡಬೇಕು.

ಹಾಲೋಯಿ ಹುಟ್ಟಿದ್ದು 1936ರಲ್ಲಿ, ಬ್ರಹ್ಮಪುತ್ರದ ದಂಡೆಯ ಜಮಾಲ್‌ಪುರದಲ್ಲಿ. ಅದೀಗ ಬಾಂಗ್ಲಾದೇಶ. ದೇಶ ಒಡೆದ ಮೇಲೆ, 1950ರಲ್ಲಿ, ಊರು ಬಿಟ್ಟು ಕಲ್ಕತ್ತೆಗೆ ಬಂದರು. ಸರ್ಕಾರಿ ಕಲಾ ಕಾಲೇಜಿನಲ್ಲಿ ಕಲಿತರು. 1957ರಿಂದ ಪುರಾತತ್ವ ಇಲಾಖೆಗಾಗಿ ಅಜಂತಾದ ಭಿತ್ತಿಚಿತ್ರಗಳನ್ನು ನಕಲು ಮಾಡಿದರು. ಇದ್ದದ್ದನ್ನು ಇದ್ದ ಹಾಗೇ, ಗೆರೆ ತಪ್ಪದೆ ಬರೆಯುವ ಕೆಲಸ ಅದು. 1963ರಿಂದ ತಾವು ಓದಿದ ಕಾಲೇಜಿನಲ್ಲೇ ಮೇಷ್ಟ್ರಾದರು.

ಅಷ್ಟು ಪಳಗಿದ ಕೈ ಆಮೇಲೆ ಆಕಾರಗಳನ್ನೇ ಬಿಡುತ್ತಾ ಹೋಯ್ತು. ಹೊಲ, ಬದು, ನೀರು ಎಲ್ಲಾ ಒಂದು ಹಸಿರು ಹರವು, ಎರಡು ಗೆರೆ, ನಾಲ್ಕು ಚುಕ್ಕೆಯಾದವು. ಇದು ಜನರಿಂದ ಓಡಿಹೋಗುವ ಕಲೆಯೇ? ನನಗೆ ಹಾಗನ್ನಿಸೋದಿಲ್ಲ. ನೆಲ ಕಳಕೊಂಡವನ ನೆನಪಲ್ಲಿ ಪೂರ್ತಿ ಊರು ಉಳಿಯೋದಿಲ್ಲ. ಬದುವಿನ ಅಂಚು, ನೀರಿನ ಬಣ್ಣ ಉಳಿಯುತ್ತೆ, ಅಷ್ಟೆ. ಒಕ್ಕಲೆಬ್ಬಿಸಿಕೊಂಡ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತಕರಾರು ಬೇರೆ. ಆ ಹಸಿರು ತುಂಬಾ ತಣ್ಣಗಿದೆ. 2017ರಲ್ಲಿ ಹಾಲೋಯಿ ಅವರ ಚಿತ್ರಗಳು ಯುರೋಪಿನ ದೊಡ್ಡ ಪ್ರದರ್ಶನ ಡಾಕ್ಯುಮೆಂಟಾಕ್ಕೂ ಹೋದವು. ಉಂಡು ಹೊಟ್ಟೆ ತುಂಬಿದವನು ಅವುಗಳಲ್ಲಿ ಬರೀ ಚೆಲುವನ್ನೇ ಕಂಡು ಮನೆಗೆ ಹೋಗಬಹುದು. ಸಿಟ್ಟು ಬಣ್ಣದಡಿ ಮುಳುಗಿಬಿಟ್ಟಿದೆ.

ಅದನ್ನು ಮೇಲೆತ್ತುವ ಕೆಲಸ ನೋಡುವವರದು. ಶಾಲೆಗಳಲ್ಲಿ ಚಿತ್ರ ಕಲಿಸುವ ಗೆಳೆಯರೇ, ಮಕ್ಕಳಿಗೆ ಈ ಚಿತ್ರಗಳನ್ನು ತೋರಿಸಿ. ಮನುಷ್ಯ ಎಲ್ಲಿ ಅಂತ ಅವರು ಕೇಳಿಯೇ ಕೇಳ್ತಾರೆ. ಅವನನ್ನು ಅಲ್ಲಿಂದ ಎಬ್ಬಿಸಿದವರು ಯಾರು ಅಂತ ನೀವು ಕೇಳಿ.