ರಂಗದ ಮೇಲಿನ ಅನ್ನಾ, ಬಯಲಿನ ಲೆವಿನ್

ಟಾಲ್‌ಸ್ಟಾಯ್ ಅವರ ‘ಅನ್ನಾ ಕರೆನಿನಾ’ ತಮಿಳು ಸೀಮೆಗೆ ಹೊಸಬಳಲ್ಲ. ಆ ಕಾದಂಬರಿಯನ್ನು ಆಧರಿಸಿದ ‘ಪಣಕ್ಕಾರಿ’ ಎಂಬ ತಮಿಳು ಚಿತ್ರ 1953ರಲ್ಲೇ ಬಂದಿತ್ತು, ಟಿ.ಆರ್. ರಾಜಕುಮಾರಿ, ನಾಗಯ್ಯ, ಎಂ.ಜಿ.ಆರ್. ಅದರಲ್ಲಿ ನಟಿಸಿದ್ದರು. ನಾನಿಲ್ಲಿ ಹೇಳಹೊರಟಿರುವುದು 2012ರ ಇಂಗ್ಲಿಷ್ ಚಿತ್ರದ ಬಗ್ಗೆ. ನಿರ್ದೇಶಕರು ಜೋ ರೈಟ್. ಚಿತ್ರಕಥೆ ನಾಟಕಕಾರ ಟಾಮ್ ಸ್ಟಾಪರ್ಡ್ ಅವರದು.

ಕಥೆಯ ಬಹುಭಾಗ ಒಂದು ಹಳೆಯ ನಾಟಕಶಾಲೆಯೊಳಗೇ ನಡೆಯುತ್ತದೆ. ನೃತ್ಯಕೂಟ, ಕಚೇರಿ, ಕಡೆಗೆ ಕುದುರೆಪಂದ್ಯ ಕೂಡ ಅಲ್ಲೇ. ಪಂದ್ಯದಲ್ಲಿ ವ್ರಾನ್‌ಸ್ಕಿ ಬಿದ್ದಾಗ ಅನ್ನಾ ಕೂಗಿಕೊಳ್ಳುತ್ತಾಳೆ; ನೆರೆದವರ ಕಣ್ಣೆಲ್ಲ ಕುದುರೆಯನ್ನು ಬಿಟ್ಟು ಅವಳ ಮೇಲೆ ಬೀಳುತ್ತದೆ. ಸಣ್ಣ ಊರಿನಲ್ಲಿ ಬಾಳಿದವರಿಗೆ ಈ ನೋಟವನ್ನು ಯಾರೂ ವಿವರಿಸಬೇಕಾಗಿಲ್ಲ. ಜಮೀನ್ದಾರ ಲೆವಿನ್ ಮಾತ್ರ ರಂಗದ ಬಾಗಿಲು ತೆರೆದು ನಿಜವಾದ ಹಿಮದ ಬಯಲಿಗೆ ಇಳಿಯುತ್ತಾನೆ. ರೈತರೊಡನೆ ಹುಲ್ಲು ಕೊಯ್ಯುತ್ತಾನೆ. ಮುಲ್ಲೈಪೆರಿಯಾರ್ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ಕಂಬಂ ಕಣಿವೆಯವರಿಗೆ ಆ ಬೆವರಿನ ಗುರುತು ಸಿಗುತ್ತದೆ. ಪೇಟೆಯ ಬದುಕು ನಟನೆ, ಹೊಲದ ಬದುಕು ನಿಜ ಎಂಬುದನ್ನು ಉಪದೇಶವಿಲ್ಲದೆ ತೋರಿಸಿದ್ದು ಈ ಚಿತ್ರದ ಗೆಲುವು.

ಆದರೆ ಒಂದು ದೊಡ್ಡ ನಷ್ಟವೂ ಆಗಿದೆ. ಕಾದಂಬರಿಯ ಶ್ರೀಮಂತರು ರಷ್ಯನ್ ಮತ್ತು ಫ್ರೆಂಚ್ ಎಂಬ ಎರಡು ಭಾಷೆಗಳಲ್ಲಿ ಬಾಳುವವರು. ರಷ್ಯನ್ನಿನಲ್ಲೂ ನಮ್ಮಂತೆ ‘ನೀನು’, ‘ನೀವು’ ಎಂಬ ಭೇದವುಂಟು. ‘ನೀವು’ ಎಂದರೆ ತೀರಾ ತಣ್ಣಗೆ, ‘ನೀನು’ ಎಂದರೆ ಅಪಾಯ. ಆದ್ದರಿಂದಲೇ ವ್ರಾನ್‌ಸ್ಕಿ ಅನ್ನಾಳೊಡನೆ ಫ್ರೆಂಚ್ ಆಡುತ್ತಾನೆ. ಚಿತ್ರದಲ್ಲಿ ಎಲ್ಲರದೂ ಇಂಗ್ಲಿಷ್. ವೇಷಭೂಷಣಕ್ಕೆ ಆಸ್ಕರ್ ಬಂತು. ಭಾಷೆಯೂ ಒಂದು ವೇಷ ಎಂಬ ಸೂಕ್ಷ್ಮ ಮಾತ್ರ ಕಳೆದುಹೋಯಿತು.

ಕಾದಂಬರಿಯ ಮೂರನೆಯ ಭಾಗದಲ್ಲಿ ಡಾಲಿ ತನ್ನ ಮಕ್ಕಳೊಡನೆ ಫ್ರೆಂಚ್ ಆಡುವುದನ್ನು ಕೇಳಿ ಲೆವಿನ್‌ಗೆ ಬೇಸರವಾಗುತ್ತದೆ. ಇದು ಕೃತಕ, ಮಕ್ಕಳು ಪ್ರಾಮಾಣಿಕತೆಯನ್ನೇ ಮರೆಯುತ್ತಾರೆ ಎಂದುಕೊಳ್ಳುತ್ತಾನೆ. ಟಾಲ್‌ಸ್ಟಾಯ್ ಅಲ್ಲಿಗೆ ನಿಲ್ಲಿಸುವುದಿಲ್ಲ. ಆ ತಾಯಿ ಇದನ್ನೆಲ್ಲ ಎಷ್ಟೋ ಸಲ ಯೋಚಿಸಿ, ನಷ್ಟವಾದರೂ ಬೇಕು ಎಂದು ತೀರ್ಮಾನಿಸಿದ್ದಳು ಎನ್ನುತ್ತಾರೆ. ಅವಳನ್ನು ಹಳಿಯುವುದು ಸುಲಭ. ಅವಳ ಲೆಕ್ಕ ನಮ್ಮದೂ ಹೌದು.

ಉತ್ತಮಪಾಳಯಂ, ಕಂಬಂ, ಬೋಡಿ ಕಡೆಯ ಕನ್ನಡ ಮನೆಗಳಲ್ಲಿ ಮಾತು ಉಳಿದಿದೆ, ಅಕ್ಷರ ಉಳಿದಿಲ್ಲ. ನಾನು ಬ್ಯಾಂಕಿನ ಕೌಂಟರಿನಲ್ಲಿ ದಿನವಿಡೀ ತಮಿಳು ಆಡುವವನು. ಮಗಳ ಮುಂದಿನ ಓದು ನೆನೆದು ಅವಳೊಡನೆ ಇಂಗ್ಲಿಷ್ ಆಡಲು ತೊಡಗಿ ಎರಡು ವರ್ಷವಾಯಿತು. ಕನ್ನಡ ಈಗ ಅವಳಿಗೂ ಅಜ್ಜಿಗೂ ನಡುವಿನ ಮಾತು ಮಾತ್ರ.

ಚಿತ್ರವನ್ನು ನೋಡಿ, ಆಮೇಲೆ ಕಾದಂಬರಿಯ ಆ ಭಾಗವನ್ನೂ ಓದಿ. ಚಿತ್ರ ಮುಗಿದಾಗ ಮಗಳು, ಅನ್ನಾ ಯಾಕೆ ಸತ್ತಳು ಎಂದು ಇಂಗ್ಲಿಷಿನಲ್ಲೇ ಕೇಳಿದಳು. ನಾನು ಕನ್ನಡದಲ್ಲಿ ಹೇಳತೊಡಗಿದೆ. ಅರ್ಧ ಅವಳಿಗೆ ತಿಳಿಯಲಿಲ್ಲ. ಉಳಿದರ್ಧವನ್ನು ಅಜ್ಜಿ ಹೇಳಿದರು.