ಧೃತರಾಷ್ಟ್ರನ ನಿರುಪಾಯ

ಹರಪನಹಳ್ಳಿ ಸೀಮೆಯ ಚಿಗಟೇರಿಯಲ್ಲಿ ನಾರದಮುನಿಗೆ ದೇವಾಲಯವುಂಟು. ಲೋಕವು ಕಲಹಪ್ರಿಯನೆಂದು ನಗುವ ಮುನಿಯು ಅಲ್ಲಿ ಪೂಜೆಗೊಳ್ಳುತ್ತಾನೆ. ವ್ಯಾಸಭಾರತದ ಉದ್ಯೋಗಪರ್ವವನ್ನು ಬಲ್ಲವರಿಗೆ ಇದು ಸೋಜಿಗವೆನಿಸದು. ಶ್ರೀಕೃಷ್ಣನು ಸಂಧಿಗಾಗಿ ಬಂದ ಸಭೆಯಲ್ಲಿ ಇದೇ ನಾರದನು ದುರ್ಯೋಧನನಿಗೆ ಗಾಲವನ ಕಥೆಯನ್ನು ಹೇಳಿ, ಹಟದಿಂದೊದಗುವ ಕೇಡನ್ನು ತಿಳಿಸುತ್ತಾನೆ. ಆ ದೀರ್ಘ ಕಥೆ ಅಂತಿರಲಿ. ಅದನ್ನು ಕೇಳಿದ ಧೃತರಾಷ್ಟ್ರನ ಉತ್ತರವು ವಿಚಾರಾರ್ಹವಾದುದು. ಮುನಿಯ ಮಾತು ದಿಟವೆಂದೂ, ತನ್ನ ಇಚ್ಛೆಯೂ ಅದೇ ಎಂದೂ, ಆದರೆ ತಾನು ಸ್ವತಂತ್ರನಲ್ಲವೆಂದೂ ಅವನು ಹೇಳಿಬಿಡುತ್ತಾನೆ.

ಅರಸನಾಗಿದ್ದವನು ಆಡಿದ ಮಾತಿದು! ಅವನ ಕುರುಡುತನವನ್ನು ಪುತ್ರವ್ಯಾಮೋಹದ ಸಂಕೇತವೆಂದು ಹೇಳಿ ಮುಂದೆ ಸಾಗುವುದು ವಿಮರ್ಶಕರ ರೂಢಿ. ಅದು ಅರ್ಧಸತ್ಯವೇ ಸರಿ. ಅವನಿಗೆ ತಿಳಿಯದೆ ಹೋದುದು ಏನೂ ಇಲ್ಲ. ಸಭಾಪರ್ವದಲ್ಲಿ ದ್ಯೂತದ ಮಾತೆತ್ತಿದಾಗ ಅವನು ಮೊದಲು ಹಿಂಜರಿಯುತ್ತಾನೆ. ಸಮ್ಮತಿಸದಿದ್ದರೆ ಸಾಯುವೆನೆಂದು ಮಗನು ಬೆದರಿಸಲು, ಸಾವಿರ ಕಂಬಗಳ ಸಭೆಯನ್ನು ಕಟ್ಟಲು ಅಪ್ಪಣೆಯಾಗುತ್ತದೆ. ದ್ರೌಪದಿಯನ್ನು ಪಣವಾಗಿಟ್ಟಾಗ, ಗೆದ್ದಿತೇ ಎಂದು ಕೇಳುವ ಸಡಗರವನ್ನು ಅಡಗಿಸಲಾರನು. ಬಳಿಕ ಅಂಜಿ, ಆಕೆಗೆ ವರಗಳನ್ನಿತ್ತು, ಗೆದ್ದುದೆಲ್ಲವನ್ನೂ ಹಿಂದಕ್ಕೆ ಕೊಡಿಸುತ್ತಾನೆ. ಮಗನು ಮತ್ತೆ ಬಂದು ಪೀಡಿಸಿದಾಗ ಎರಡನೆಯ ದ್ಯೂತಕ್ಕೂ ಒಪ್ಪುತ್ತಾನೆ. ಪ್ರಾಯಕ್ಕೆ ಬಂದ ಮಗನ ಸಾಲವನ್ನು ಇದೇ ಕಡೆಯದೆಂದು ತೀರಿಸುತ್ತ ತೀರಿಸುತ್ತ ಹೊಲವನ್ನೆಲ್ಲ ಕಳೆದುಕೊಳ್ಳುವ ತಂದೆಯ ಮನೆಯಲ್ಲಿಯೂ ನಡೆಯುವುದು ಇದೇ. ಸಾಯುವೆನೆಂಬ ಬೆದರಿಕೆಯೂ ಅಲ್ಲಿ ಅಪರೂಪವಲ್ಲ.

ಗಾಂಧಾರಿಯ ನಡತೆ ಬೇರೆ. ಎರಡನೆಯ ದ್ಯೂತವನ್ನು ತಡೆಯಲು ಅವಳು ಯತ್ನಿಸಿದಳು. ಸಂಧಿಯ ಸಭೆಗೆ ಅವಳನ್ನು ಕರೆಯಿಸಿದಾಗ, ಮಗನಿಗೆ ಬುದ್ಧಿ ಹೇಳುವುದಕ್ಕಿಂತ ಮುಂಚೆ ಗಂಡನನ್ನು ಆಕ್ಷೇಪಿಸುತ್ತಾಳೆ: ಮಗನ ಕೇಡುಬುದ್ಧಿಯನ್ನು ಅರಿತೂ ಅವನ ಬೆನ್ನುಹತ್ತಿ ನಡೆದವನು ಈಗ ಅವನನ್ನು ಬಲದಿಂದ ತಿರುಗಿಸಲಾರನೆಂದು. ಯುದ್ಧದ 18 ದಿನಗಳೂ ಜಯದ ಹರಕೆಯನ್ನು ಬೇಡಿ ಬಂದ ಮಗನಿಗೆ, ಧರ್ಮವಿದ್ದ ಕಡೆಗೇ ಜಯವೆಂದಷ್ಟೇ ಅವಳು ಹೇಳುತ್ತಿದ್ದಳೆಂದು ಸ್ತ್ರೀಪರ್ವದಲ್ಲಿ ವ್ಯಾಸರು ನೆನಪಿಸುತ್ತಾರೆ. ಬಂದ ಮಗನನ್ನು ಅವಳು ಹೊರಗಟ್ಟಲಿಲ್ಲ. ಅವನು ಸತ್ತಾಗ ಅತ್ತಳು, ಕೃಷ್ಣನನ್ನೇ ಶಪಿಸಿದಳು. ಕೇಳಿದ ಹರಕೆಯನ್ನು ಮಾತ್ರ ಕೊಡಲಿಲ್ಲ. ಪ್ರೀತಿಯೂ ನಿರಾಕರಣೆಯೂ ಒಂದೇ ಹೃದಯದಲ್ಲಿ ಇರಬಲ್ಲವೆಂಬುದನ್ನು ಕಾಣದ ಓದುಗರು ಇವಳನ್ನು ಕಠಿನಳೆಂದಾರು.

10ನೆಯ ಶತಮಾನದ ರನ್ನನು ತನ್ನ ಗದಾಯುದ್ಧದಲ್ಲಿ ಈ ವೃದ್ಧದಂಪತಿಗಳನ್ನು ರಣರಂಗಕ್ಕೇ ಕರೆತರುತ್ತಾನೆ. ನೂರ್ವರಲ್ಲಿ ಉಳಿದ ಒಬ್ಬನನ್ನು ಸಂಧಿಗೆ ಒಪ್ಪಿಕೊಳ್ಳೆಂದು ಅವರು ಬೇಡುತ್ತಾರೆ, ಅವನು ಒಪ್ಪನು. ಓದುಗರು ಆ ಛಲಕ್ಕೆ ಮಾರುಹೋಗುತ್ತಾರೆ. ರನ್ನನ ವಾಣಿಯ ಬಲವೇ ಅಂತಹುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಸನ್ನಿವೇಶದ ಕರುಣವು ಮಗನಿಗಿಂತ ತಂದೆಯಲ್ಲಿ ಹೆಚ್ಚು ನೆಲೆಸಿದೆ. ಸಭೆಯನ್ನು ಕಟ್ಟಿಸಿದ ದಿನ ಕೊಡದೆ ಇರಬಹುದಾಗಿದ್ದ ಅಪ್ಪಣೆಯೊಂದು ಅವನ ಕೈಯಲ್ಲಿತ್ತು. ಈಗ ಕೊಡದೆ ಇರಲು ಏನೂ ಉಳಿದಿಲ್ಲ. ಅಂದು ಸಭೆಯಲ್ಲಿ ನೆವವಾಗಿ ನುಡಿದ ನಿರುಪಾಯವು ಕುರುಕ್ಷೇತ್ರದಲ್ಲಿ ನಿಜವಾಗಿ ನಿಂತಿದೆ. ಮಗನು ಭೀಷ್ಮನ ಶರಶಯ್ಯೆಯ ಕಡೆಗೆ ಹೊರಟುಹೋಗುತ್ತಾನೆ.